ಉದುರಲೆಂದೇ ಹಚ್ಚಿದ ಗಾರೆ

ಊರಿಂದ ವೆನಿಸ್ ನೋಡಲು ಬಂದವರು ಕಾಲುವೆ ಪಕ್ಕದ ಮನೆಗಳ ಬುಡದಲ್ಲಿ ಗಾರೆ ಉದುರಿ ಇಟ್ಟಿಗೆ ಕಾಣುವುದನ್ನು ನೋಡಿ ಕೇಳುವುದು ಒಂದೇ ಮಾತು: "ಇಷ್ಟು ದುಡ್ಡಿರೋ ಜನ, ಒಂದ್ಸಲ ಸಿಮೆಂಟ್ ಗಿಲಾವು ಮಾಡಿಸಬಾರದಾ?" ಚುರುಕ್ ಎನ್ನುತ್ತದೆ. ತಾತನ ಕಾಲದ ನಮ್ಮ ಸುಣ್ಣದ ಗೋಡೆಗಳು ಕೆಟ್ಟದ್ದೇ ಆ 'ಒಂದ್ಸಲ'ದಿಂದ.

ವೆನಿಸ್‌ನ ಇಟ್ಟಿಗೆ ಸದಾ ಉಪ್ಪುನೀರು ಹೀರುತ್ತಿರುತ್ತದೆ. ನೀರು ಎಲ್ಲಿ ಆರುತ್ತದೋ ಅಲ್ಲಿ ಉಪ್ಪು ಹರಳುಗಟ್ಟಿ ಸುತ್ತಲಿನದನ್ನು ಒಡೆಯುತ್ತದೆ. ಸುಣ್ಣದ ಗಾರೆಗೆ ಸಣ್ಣ ಸಣ್ಣ ರಂಧ್ರಗಳಿರುವುದರಿಂದ ತೇವ ಅದರೊಳಗೇ ಬಂದು ಆರುತ್ತದೆ. ಗಾರೆ ಸಾಯುತ್ತದೆ, ಇಟ್ಟಿಗೆ ಬದುಕುತ್ತದೆ. ಉದುರಿದಷ್ಟನ್ನು ಮತ್ತೆ ಹಚ್ಚಿದರಾಯಿತು. ಅದರ ಬದಲು ಸಿಮೆಂಟ್ ಮೆತ್ತಿದರೆ ತೇವಕ್ಕೆ ದಾರಿ ತಪ್ಪಿ ಇನ್ನೂ ಮೇಲೇರುತ್ತದೆ, ಉಪ್ಪು ಹಿಂದೆಯೇ ಕೂರುತ್ತದೆ. ಕೊನೆಗೊಂದು ದಿನ ಸಿಮೆಂಟ್ ಹಲಗೆಯಂತೆ ಕಳಚಿ ಬಿದ್ದಾಗ ಹಿಂದಿರುವುದು ಇಟ್ಟಿಗೆಯಲ್ಲ, ಕೆಂಪು ಪುಡಿ.

ಇಲ್ಲಿಯವರ 'ಮಾರ್ಮೊರಿನೊ', ಅಂದರೆ ಅಮೃತಶಿಲೆಯ ಪುಡಿ ಬೆರೆತ ಸುಣ್ಣದ ಗಾರೆ, ಶುರುವಾಗುವುದು ಗ್ರಾಸೆಲ್ಲೊದಿಂದ, ಅಂದರೆ ಅರಳಿಸಿ ನೀರಿನಡಿ ತಿಂಗಳುಗಟ್ಟಲೆ ನೆನೆಹಾಕಿದ, ಬೆಣ್ಣೆಯಂಥ ಸುಣ್ಣದಿಂದ. ಮೂರು ವರ್ಷಕ್ಕಿಂತ ಹೊಸ ಸುಣ್ಣವನ್ನು ಗುತ್ತಿಗೆದಾರ ಬಳಸಬಾರದೆಂದು ಹಳೆಯ ಕಟ್ಟಡ ನಿಯಮದಲ್ಲಿತ್ತು ಎಂದು ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಸರಿಯಾಗಿ ಅರಳದ ಒಂದು ಕಾಳು ಉಳಿದರೂ ಗೋಡೆಯೊಳಗೆ ನಿಧಾನಕ್ಕೆ ಉಬ್ಬಿ, ಮೇಲ್ಮೈಯನ್ನು ಮೊಡವೆಯಂತೆ ಸಿಡಿಸುತ್ತದೆ. ತಳದ ಪದರಕ್ಕೆ ಸುಣ್ಣ ಒಂದು ಪಾಲು, ಮರಳು ಮೂರು. ಮರಳಿನ ಒಂದಷ್ಟು ಭಾಗ ಇಟ್ಟಿಗೆ ಪುಡಿ ಇದ್ದರೆ ತೇವದಲ್ಲೂ ಗಟ್ಟಿಯಾಗುತ್ತದೆ. ಮೇಲೆ ಅಮೃತಶಿಲೆಯ ಪುಡಿ ಕಲಸಿದ ಸುಣ್ಣ, ಎರಡು ಕೈ, ಒಟ್ಟು ಎರಡು ಮೂರು ಮಿಲಿಮೀಟರ್. ಸುಣ್ಣ ಜಾಸ್ತಿಯಾದರೆ ಕೂದಲೆಳೆ ಬಿರುಕು. ಬೆರಳೊತ್ತಿದರೆ ತಣ್ಣಗಿದ್ದು ಗುರುತು ಬೀಳದ ಹೊತ್ತು ನೋಡಿ ಉಕ್ಕಿನ ಕರಣೆಯಿಂದ ಒತ್ತಿ ಉಜ್ಜಬೇಕು: ಬೇಗ ಒತ್ತಿದರೆ ಕಿತ್ತು ಬರುತ್ತದೆ, ತಡವಾದರೆ ಕರಣೆಯ ಕಪ್ಪು ಗೆರೆ ಉಳಿಯುತ್ತದೆ. ಮೂಲೆಯಿಂದ ಮೂಲೆಗೆ ಒಂದೇ ಸಲಕ್ಕೆ ಮುಗಿಸದಿದ್ದರೆ ಜೋಡಣೆ ಎದ್ದು ಕಾಣುತ್ತದೆ. ಕಡೆಗೆ ಸಾಬೂನು ನೀರು. ಸುಣ್ಣದೊಡನೆ ಸೇರಿ ಅದು ನೀರಿಗೆ ಕರಗದ ಪೊರೆಯಾಗುತ್ತದೆ. ಹದಿನಾರನೇ ಶತಮಾನದ ವಾಸ್ತುಶಿಲ್ಪಿ ಪಲ್ಲಾಡಿಯೊ ಇಟ್ಟಿಗೆ ಕಂಬಗಳನ್ನು ಕಲ್ಲಿನಂತೆ ತೋರಿಸಿದ್ದು ಇಂಥ ಗಾರೆಯಿಂದಲೇ.

ಬೆಂಗಳೂರಲ್ಲಿ 'ವೆನೀಶಿಯನ್ ಪ್ಲಾಸ್ಟರ್' ಎಂದು ಚದರಡಿ ಲೆಕ್ಕದಲ್ಲಿ ಹಚ್ಚಿಕೊಡುವ ಡಬ್ಬಿಯ ಹಿಂಬದಿ ಓದಿ ನೋಡಿ. ಬಹಳಷ್ಟರಲ್ಲಿ ಇರುವುದು ಸುಣ್ಣವಲ್ಲ, ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ ಅಂಟು. ಗೃಹಪ್ರವೇಶದ ಮುಹೂರ್ತಕ್ಕೆ ಅದು ಆರುತ್ತದೆ, ಅಷ್ಟೇ ಅದರ ಗುಣ.

ಹಾಗೆಂದು ಇಟಲಿಯವರೇನೂ ಸಾಚಾಗಳಲ್ಲ. ಕಳೆದ ಶತಮಾನದಲ್ಲಿ ಅವರೂ ಸಿಮೆಂಟ್ ಮೆತ್ತಿ ಪಶ್ಚಾತ್ತಾಪಪಟ್ಟವರೇ. ಬೆಲ್ಲದ ನೀರು, ಅಳಲೆಕಾಯಿ, ಇಟ್ಟಿಗೆ ಪುಡಿ ಹಾಕಿ ಗಾರೆ ಅರೆಯುತ್ತಿದ್ದ ನಮ್ಮ ಮೇಸ್ತ್ರಿಗಳು ಇವರಿಂದ ಕಲಿಯಬೇಕಾದ್ದೂ ಕಮ್ಮಿ. ಕಾಂಕ್ರೀಟ್ ಬ್ಲಾಕಿನ ಫ್ಲಾಟಿಗೆ ಸಿಮೆಂಟೇ ಸಾಕು, ಒಪ್ಪಿದೆ. ಮಲೆನಾಡಿನ ಹೊರಗೋಡೆಗೆ ಆಷಾಢದಲ್ಲಿ ಸುಣ್ಣದ ಗಾರೆ ಹಚ್ಚಿದರೆ ಮಾರನೇ ದಿನ ಅಂಗಳದಲ್ಲಿ ಬಿಳಿ ನೀರು ಹರಿಯುತ್ತದೆ; ದೀಪಾವಳಿ ಕಳೆದ ಮೇಲೆ ಶುರುಮಾಡಿ, ಬಿಸಿಲು ನೇರ ಬೀಳದಂತೆ ಒದ್ದೆ ಗೋಣಿತಾಟು ಇಳಿಬಿಡಬೇಕು.