ಅಪ್ಪನ ಕಂಪ್ಯೂಟರಿಗೆ ಬರಬೇಕಾದ ಬಾಕಿ

ಅಪ್ಪ ಬೆಳಿಗ್ಗೆ ಕಂಪ್ಯೂಟರಿನ ಸ್ವಿಚ್ ಹಾಕಿ ಉದಯವಾಣಿ ಹಿಡಿದು ಕೂರುತ್ತಾರೆ. ಮೊದಲ ಪುಟ, ಊರಿನ ಸುದ್ದಿ, ನಿಧನದ ಸುದ್ದಿ ಎಲ್ಲ ಮುಗಿಯುವ ಹೊತ್ತಿಗೆ ಸ್ಕ್ರೀನಿನ ಮೇಲೆ ಐಕಾನುಗಳು ಒಂದೊಂದಾಗಿ ಬಂದು ಸೇರಿರುತ್ತವೆ, ಮಳೆಗಾಲದ ಮದುವೆಗೆ ನೆಂಟರು ಬಂದ ಹಾಗೆ. 2011ರಲ್ಲಿ ತಗೊಂಡ ಡೆಸ್ಕ್‌ಟಾಪ್ ಅದು. ವಿಂಡೋಸ್ 7, 2 ಜಿಬಿ ರ‍್ಯಾಮ್. ಅಪ್ಪನಿಗೆ ಅದರಲ್ಲಿ ಬೇಕಾದದ್ದು ಎರಡೇ. ಒಂದು ಯಕ್ಷಗಾನ, ಇನ್ನೊಂದು ಎಕ್ಸೆಲ್ಲಿನಲ್ಲಿ ಮನೆಯ ಲೆಕ್ಕ. ಎರಡನ್ನೂ ಒಟ್ಟಿಗೆ ತೆರೆದರೆ ಭಾಗವತರು ಬಾಯಿ ತೆರೆದಲ್ಲೇ ನಿಂತುಬಿಡುತ್ತಾರೆ. ಚೆಂಡೆ ಮಾತ್ರ ಮುಂದೆ ಹೋಗುತ್ತಿರುತ್ತದೆ.

"ಹೊಸತು ಎಂತಕ್ಕೆ? ರ‍್ಯಾಮ್ ಹಾಕಿದ್ರೆ ಸಾಕು" ಅಂದವನು ನಾನೇ. ಇಡೀ ದಿನ ಆಫೀಸಿನಲ್ಲಿ ಕಂಪ್ಯೂಟರ್ ಎದುರು ಕೂರುವವನಿಗೆ ಅದರ ಹೊಟ್ಟೆಯೊಳಗಿನ ವಿಷಯವೂ ಗೊತ್ತಿರುತ್ತದೆ ಅಂತ ಮನೆಯವರು ನಂಬಿದ್ದರು. ನಾನೂ ನಂಬಿದ್ದೆ.

ಆಟಿ ತಿಂಗಳ ಮಳೆ. ಕೊಡೆ ಹಿಡಿದು ಉಡುಪಿಯ ಕಲ್ಸಂಕದ ಹತ್ತಿರ ಒಂದು ಅಂಗಡಿಗೆ ಹೋದೆ. ಕೌಂಟರಿನ ಹುಡುಗ ಮೊಬೈಲಿನಿಂದ ತಲೆ ಎತ್ತದೆ ಕೇಳಿದ, "ಡಿಡಿಆರ್ ಎಷ್ಟಣ್ಣ?"

ಅವನು ಕೇಳಿದ್ದು ರ‍್ಯಾಮ್ ಎಷ್ಟನೇ ತಲೆಮಾರಿನದು ಅಂತ. ಎಷ್ಟು ಅಂದನಲ್ವಾ, ನನಗೆ ಜಿಬಿ ಲೆಕ್ಕವೇ ತಲೆಗೆ ಬಂತು. "ನಾಲ್ಕು" ಅಂದೆ.

"ಜಿಬಿ?"

ಈಗ ತಾನೇ ಹೇಳಿದೆನಲ್ಲ ಮಾರಾಯ ಅಂದುಕೊಂಡು ಮತ್ತೊಮ್ಮೆ ಹೇಳಿದೆ, "ನಾಲ್ಕು."

ಅವನು ಕೊಟ್ಟ, ನಾನು ದುಡ್ಡು ಕೊಟ್ಟೆ. ಇಬ್ಬರದೂ ತಪ್ಪಿಲ್ಲ.

ಮನೆಗೆ ಬಂದು ವಯರುಗಳನ್ನೆಲ್ಲ ಕಿತ್ತು ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ಬಿಚ್ಚಿದೆ. ಒಳಗೆ ಫ್ಯಾನಿಗೆ ಕಂಬಳಿ ಹೊದೆಸಿದಷ್ಟು ಧೂಳು. ಮೂಲೆಯಲ್ಲಿ ಹಲ್ಲಿಯ ಒಡೆದ ಮೊಟ್ಟೆ ಎರಡು. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಬೆಚ್ಚಗಿರುವ ಜಾಗ ಅದೊಂದೇ, ಹಲ್ಲಿಗೆ ಗೊತ್ತಾಗಿದೆ. ಮುಟ್ಟುವ ಮೊದಲು ಯಾವುದಾದರೂ ಲೋಹವನ್ನು ಮುಟ್ಟಬೇಕು, ಇಲ್ಲದಿದ್ದರೆ ಮೈಯಲ್ಲಿರುವ ಸ್ಟ್ಯಾಟಿಕ್ ಕರೆಂಟು ಚಿಪ್ಪನ್ನು ಸುಡಬಹುದು ಅಂತ ಓದಿದ್ದೆ. ಅದು ಒಣ ಹವೆಯ ಊರಿನವರಿಗೆ ಜಾಸ್ತಿ ಬೇಕಾದ ಮಾತು. ನಮ್ಮಲ್ಲಿ ಆಟಿಯಲ್ಲಿ ಕರಿದ ಹಪ್ಪಳ ತಟ್ಟೆಯಿಂದ ಬಾಯಿಗೆ ಬರುವಷ್ಟರಲ್ಲಿ ಮೆತ್ತಗಾಗುತ್ತದೆ. ಆದರೂ ಕ್ಯಾಬಿನೆಟ್ಟಿನ ತಗಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ.

ರ‍್ಯಾಮ್ ಕೂರಲಿಲ್ಲ. ತಿರುಗಿಸಿ ಇಟ್ಟೆ, ಆಗಲೂ ಕೂರಲಿಲ್ಲ. ಸ್ವಲ್ಪ ಬಲ ಹಾಕಿದಾಗ ಬೋರ್ಡು ಬಿಲ್ಲಿನ ಹಾಗೆ ಬಾಗಿತು. ಅಷ್ಟರಲ್ಲಿ ಅಡುಗೆಮನೆಯಿಂದ ಬಂದ ಅಮ್ಮ, "ಅದರ ಕಚ್ಚು ಒಂದು ಕಡೆ, ಇದರ ಕಚ್ಚು ಒಂದು ಕಡೆ. ಹೇಗೆ ಹೋಗುದು?" ಅಂದರು. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದೆ. ಹೌದು. ನಮ್ಮದು ಡಿಡಿಆರ್3, 240 ಪಿನ್ನು. ನಾನು ತಂದದ್ದು ಡಿಡಿಆರ್4, 288 ಪಿನ್ನು. ಒಂದರ ಜಾಗದಲ್ಲಿ ಇನ್ನೊಂದನ್ನು ಯಾರೂ ತುರುಕಬಾರದು ಅಂತಲೇ ಕಚ್ಚಿನ ಜಾಗ ಬದಲಿಸಿ ಮಾಡಿರುತ್ತಾರೆ. ಯಾರೂ ಅಂದರೆ ನನ್ನಂಥವರು.

"ಕುಕ್ಕರಿನ ರಬ್ಬರ್ ತರುದಾದ್ರೂ ಹಳೇದನ್ನು ಹಿಡ್ಕೊಂಡು ಹೋಗುದಿಲ್ವಾ?" ಅಂತ ಅಮ್ಮ ಕೇಳಿದರು. ಇದಕ್ಕೆ ಉತ್ತರ ಇಲ್ಲ.

ಮರುದಿನ ಹಳೆಯ ರ‍್ಯಾಮನ್ನು ಪೇಪರಿನಲ್ಲಿ ಪೊಟ್ಟಣ ಕಟ್ಟಿ ಕಿಸೆಯಲ್ಲಿಟ್ಟುಕೊಂಡು ಹೋದೆ. ಪ್ಯಾಕೆಟ್ ಒಡೆದದ್ದನ್ನು ವಾಪಸ್ ತಗೊಳ್ಳುವುದಿಲ್ಲ ಅಂದ ಹುಡುಗ. ಡಿಡಿಆರ್3 ಹೊಸತು ಇರಲಿಲ್ಲ. ಒಳಗಿನ ಡಬ್ಬಿಯಿಂದ ಸೆಕೆಂಡ್ ಹ್ಯಾಂಡ್ 4 ಜಿಬಿ ಒಂದನ್ನು ಹುಡುಕಿ ತೆಗೆದು, ಅಂಗಿಗೆ ಒರೆಸಿ ಕೊಟ್ಟ.

ಈ ಸಲ ಕೂತಿತು. ಹಿಂದಿನ ದಿನದ ಹೆದರಿಕೆಯಲ್ಲಿ ಮೆಲ್ಲಗೆ, ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಕೂರಿಸಿದೆ. ಸ್ವಿಚ್ ಹಾಕಿದರೆ ಸ್ಕ್ರೀನ್ ಕಪ್ಪು. ಬೀಪ್, ಬೀಪ್, ಬೀಪ್.

"ಮೂರಾಯ್ತು, ಆಫ್ ಮಾಡು!" ಅಂತ ಒಳಗಿನಿಂದ ಅಮ್ಮ ಕೂಗಿದರು. ಅನ್ನಕ್ಕೆ ಇಟ್ಟ ಕುಕ್ಕರು ಅಂದುಕೊಂಡಿದ್ದರು.

ನಮ್ಮ ಬೋರ್ಡು ಮೂರು ಸಲ ಕೂಗಿದರೆ ಮೆಮೊರಿ ಸರಿ ಇಲ್ಲ ಅಂತ ಅರ್ಥ. ಕರಾವಳಿಯ ತೇವಕ್ಕೆ ಆ ಬಂಗಾರದ ಬಣ್ಣದ ಪಿನ್ನುಗಳು ಮಂಕಾಗುತ್ತವೆ, ಅದಕ್ಕೆ ಮದ್ದು ಪೆನ್ಸಿಲ್ ರಬ್ಬರ್. ಮಗಳ ಸ್ಕೂಲ್ ಬ್ಯಾಗಿನಲ್ಲಿ ಸಿಕ್ಕಿದ್ದು ಸ್ಟ್ರಾಬೆರಿ ವಾಸನೆಯ ಗುಲಾಬಿ ರಬ್ಬರ್, ಒಂದು ಮೂಲೆ ಕಚ್ಚಿ ತಿಂದದ್ದು. ಉಜ್ಜಿದ ಹಾಗೆ ಪಿನ್ನುಗಳ ಮೇಲಿನ ಮಬ್ಬು ಕರಿ ಎಳೆಗಳಾಗಿ ಸುರುಳಿ ಸುತ್ತಿ ಬಿತ್ತು. ಫೂ ಅಂತ ಊದಿ, ಎರಡು ಹೆಬ್ಬೆರಳಲ್ಲಿ ಒತ್ತಿದೆ. ಆಚೆ ಕೊನೆ ಟಕ್. ಈಚೆ ಕೊನೆ ಟಕ್. ಮೊದಲು ಕೂರಿಸಿದಾಗ ಇಲ್ಲದ ಶಬ್ದ. ತೊಟ್ಟಿಲಿನ ಪ್ರೀತಿ ಅಲ್ಲಿ ನಡೆಯುವುದಿಲ್ಲ, ಅದು ಟಕ್ ಅನ್ನಲೇಬೇಕು.

ಕಂಪ್ಯೂಟರ್ ಎದ್ದಿತು. ಅಪ್ಪ ಪೇಪರಿನ ಎರಡನೇ ಪುಟದಲ್ಲಿದ್ದರು. ಭಾಗವತರು ಹಾಡಿದರು, ಬಾಯಿಯೂ ಸ್ವರವೂ ಒಟ್ಟಿಗೆ ಹೋದವು. ನಾನು ಎದೆ ಉಬ್ಬಿಸಿ ಸಿಸ್ಟಮ್ ವಿವರ ತೆರೆದು ತೋರಿಸಿದೆ. ಅದೇ ನಾನು ಮಾಡಿದ ತಪ್ಪು. ಅಲ್ಲಿ ಬರೆದಿತ್ತು: ಒಟ್ಟು 6 ಜಿಬಿ, ಬಳಕೆಗೆ 3.24 ಜಿಬಿ.

ಅಪ್ಪ 1906ರಲ್ಲಿ ಇದೇ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕಿನಲ್ಲಿ ದುಡಿದು ರಿಟೈರ್ ಆದವರು. 2020ರ ಏಪ್ರಿಲ್ 1ಕ್ಕೆ ಆ ಬ್ಯಾಂಕೇ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಯಿತು, ಆದರೆ ಅಪ್ಪನ ಟ್ಯಾಲಿ ಮಾಡುವ ಚಾಳಿ ಎಲ್ಲೂ ಸೇರಿಹೋಗಲಿಲ್ಲ. ಕನ್ನಡಕ ಮೇಲೇರಿಸಿ ಕೇಳಿದರು, "ಉಳಿದ 2.76 ಎಲ್ಲಿ?"

ಹೇಳಿ ನೋಡಿದೆ. "ಇದು 32 ಬಿಟ್ಟಿನ ವಿಂಡೋಸ್ ಅಪ್ಪ. ಲೆಡ್ಜರಿನಲ್ಲಿ ಪುಟದ ನಂಬರ್ ಹಾಕುವ ಕಾಲಂ ಸಣ್ಣದು ಅಂದ ಹಾಗೆ. 429 ಕೋಟಿ ಚಿಲ್ಲರೆ ನಂಬರಿಗೇ ಮುಗೀತದೆ, ಅಂದ್ರೆ 4 ಜಿಬಿಗೆ. ಅದ್ರಲ್ಲೂ ಸ್ವಲ್ಪ ನಂಬರನ್ನು ಡಿಸ್‌ಪ್ಲೇ, ಬೇರೆ ಸಾಮಾನು ಎಲ್ಲ ಮೊದಲೇ ರಿಸರ್ವ್ ಮಾಡಿರ್ತವೆ."

"ಕಾಲಂ ದೊಡ್ಡದು ಮಾಡು."

"ಅದಕ್ಕೆ 64 ಬಿಟ್ ಹಾಕ್ಬೇಕು. ಎಲ್ಲ ಅಳಿಸಿ ಹೊಸತಾಗಿ."

ಅಳಿಸಿ ಅಂದ ಕೂಡಲೇ ಅಪ್ಪ ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡರು. ಅದರಲ್ಲಿ 2011ರಿಂದ ಬಿದ್ದ ಒಂದೊಂದು ತೆಂಗಿನಕಾಯಿಯ ಲೆಕ್ಕ ಉಂಟು.

ಡಿಡಿಆರ್4 ರ‍್ಯಾಮು ಈಗ ಅಡುಗೆಮನೆಯ ಡ್ರಾವರಿನಲ್ಲಿ, ಕುಕ್ಕರಿನ ಹಳೆಯ ರಬ್ಬರುಗಳ ಜೊತೆ ಇದೆ. ಅಮ್ಮನೇ ಇಟ್ಟದ್ದು. ಮೊನ್ನೆ ಅಪ್ಪನ ಎಕ್ಸೆಲ್ ಶೀಟ್ ತೆರೆದಿತ್ತು, ಸುಮ್ನೆ ಇಣುಕಿದೆ. ಜುಲೈ ತಿಂಗಳಲ್ಲಿ, ಹಾಲು ಮತ್ತು ಅಡಿಕೆ ಕೊಯ್ಲಿನ ಮುಂಗಡದ ನಡುವೆ, ನನ್ನ ಹೆಸರಿನ ಎದುರು ಒಂದು ಸಾಲು. ಬರಬೇಕಾದದ್ದು: 2.76.