ತೋಟಕ್ಕೆ ಸಕ್ರಮ, ಮನೆ ಸೊಸೆಗೆ ಇಲ್ವಾ?

ಕೊಡಗಿನವರನ್ನು ಮದುವೆಯಾಗಿ, ವೀಸಾ ಮುಗಿದ ಮೇಲೂ ಇಲ್ಲೇ ಉಳಿದ ವಿದೇಶಿ ಸಂಗಾತಿಯನ್ನು ದೇಶ ಬಿಡಿಸದೆ ಸಕ್ರಮ ಮಾಡಬೇಕಾ?

ಪರ

ಸರ್ಕಾರಿ ಜಾಗ ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ 25 ಎಕರೆವರೆಗೆ, 30 ವರ್ಷ ಗುತ್ತಿಗೆ ಕೊಡಲು ನಮ್ಮ ರಾಜ್ಯ ಕಾನೂನನ್ನೇ ತಿದ್ದಿತು. ತಪ್ಪು ಅನ್ನುತ್ತಿಲ್ಲ, ನಮ್ಮ ತೋಟದ ಅಂಚೂ ಅದರಲ್ಲಿದೆ. ಗಿಡ ಬೇರು ಬಿಟ್ಟಾಗಿದೆ, ಕಿತ್ತರೆ ಯಾರಿಗೂ ಲಾಭವಿಲ್ಲ ಅಂತ ತಾನೇ ಕೊಟ್ಟಿದ್ದು?

ಸೋಮವಾರಪೇಟೆ ಕಡೆ ನನಗೆ ಗೊತ್ತಿರುವ ಒಂದು ಮನೆಯಿದೆ. ಸೊಸೆ ಹೊರದೇಶದವಳು. ಅತ್ತೆ ಹಾಸಿಗೆ ಹಿಡಿದ ವರ್ಷ ವೀಸಾದ ತಾರೀಖು ದಾಟಿಹೋಯಿತು. ಈಗ ಗೇಟಿನ ಹತ್ತಿರ ಜೀಪು ನಿಂತ ಸದ್ದಾದರೆ ಸಾಕು, ಕಣದಲ್ಲಿ ಕಾಫಿ ಹರಡುತ್ತಿದ್ದವಳು ಎಲ್ಲ ಅಲ್ಲೇ ಬಿಟ್ಟು ಒಳಗೆ ಹೋಗುತ್ತಾಳೆ. 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿ ವೀಸಾ ಮೀರಿ ಉಳಿದಿದ್ದಕ್ಕೆ 3 ವರ್ಷದವರೆಗೆ ಜೈಲು, ಇಲ್ಲವೇ 3 ಲಕ್ಷದವರೆಗೆ ದಂಡ, ಅಥವಾ ಎರಡೂ. ಭಾರತೀಯರನ್ನು ಮದುವೆಯಾಗಿ 7 ವರ್ಷ ಇಲ್ಲಿದ್ದವರು ಪೌರತ್ವ ಕೇಳಬಹುದು. ಆದರೆ ವೀಸಾ ಮೀರಿದವಳು ಕಾನೂನಿನ ಕಣ್ಣಿಗೆ 'ಅಕ್ರಮ ವಲಸಿಗ', ಕೇಳುವ ಹಾಗಿಲ್ಲ. ಗಡಿ ಕದ್ದು ಬಂದವನೂ ಇವಳೂ ಒಂದೇ ಪಟ್ಟಿ! ಅಮೆರಿಕದಲ್ಲೂ ಸರಿಯಾದ ವೀಸಾದಲ್ಲಿ ಬಂದು ಅಲ್ಲಿನ ಪ್ರಜೆಯನ್ನು ಮದುವೆಯಾದವರು, ಅವಧಿ ಮೀರಿದ್ದರೂ ಅಲ್ಲೇ ಇದ್ದು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ದಂಡ ಕಟ್ಟಿಸಿಕೊಳ್ಳಿ, ಮದುವೆ ನಿಜವಾ ಅಂತ ವಿಚಾರಿಸಿ, ಕಾಗದ ಕೊಡಿ.

ವಿರೋಧ

ಒತ್ತುವರಿ ಸಕ್ರಮವಾಗುತ್ತೆ ಅಂತ ಸುದ್ದಿ ಬಂದ ಕೂಡಲೇ ಬೇಲಿ ಎಷ್ಟು ಮುಂದೆ ಸರಿಯುತ್ತದೆ ಅಂತ ಕೊಡಗಿನವರಿಗೆ ಹೇಳಿಕೊಡಬೇಕಾ?

ನಾನು ಹೋಮ್‌ಸ್ಟೇ ನಡೆಸುವವನು. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರ್ಮನ್ನು ಆನ್‌ಲೈನಿನಲ್ಲಿ ಹಾಕಬೇಕು. ಮಳೆಗೆ ಕರೆಂಟ್ ಹೋದ ರಾತ್ರಿ, ಕೊಡೆ ಹಿಡಿದು, ಸಿಗ್ನಲ್ ಹುಡುಕುತ್ತಾ ಗೇಟಿನವರೆಗೆ ನಡೆದು ಹಾಕಿದ್ದೇನೆ. ಎರಡು ದಿನದ ಅತಿಥಿಗೆ ಇಷ್ಟು ನಿಯಮ, ವರ್ಷಗಟ್ಟಲೆ ಸುಮ್ನೆ ಉಳಿದವರಿಗೆ ಮಾಫಿನಾ?

ದಾರಿಯೇ ಇಲ್ಲದಿದ್ದರೆ ಬೇರೆ ಮಾತು. ವೀಸಾ ಇರುವಾಗಲೇ ಆನ್‌ಲೈನಿನಲ್ಲಿ ಅರ್ಜಿ ಹಾಕಿ ಸಂಗಾತಿಯ ವೀಸಾಕ್ಕೆ ಬದಲಿಸಿಕೊಳ್ಳಬಹುದು. ಮದುವೆ ನೋಂದಣಿಯಾಗಿ 2 ವರ್ಷವಾದರೆ ಓಸಿಐ ಕಾರ್ಡಿಗೂ (ವಿದೇಶಿ ಪ್ರಜೆ ಇಲ್ಲಿ ದೀರ್ಘಕಾಲ ಇರಲು ಕೊಡುವ ಕಾರ್ಡು) ಅರ್ಜಿ ಹಾಕಬಹುದು. ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಗೆ ಮೊದಲು ಕೊಡಬೇಕಾದ 30 ದಿನದ ನೋಟಿಸ್ ಮುಗಿಯುವ ಮೊದಲೇ ವೀಸಾ ಮುಗಿದು, ವಾಪಸ್ ಹೋಗಿ, ಟಿಕೆಟ್‌ಗೆ ಸಾಲ ಮಾಡಿ ಮತ್ತೆ ಬರುವವರೂ ಇರುತ್ತಾರೆ ಅಲ್ವಾ? ಅವರಿಗೆ ಏನು ಹೇಳ್ತೀರಿ?

ಅತ್ತೆಯ ಕಾಯಿಲೆಯಂಥ ಕಾರಣವಿದ್ದರೆ ಅಧಿಕಾರಿ ಆ ಒಂದು ಕೇಸು ನೋಡಿ ಬಿಡಲಿ, ನನ್ನ ಅಡ್ಡಿಯಿಲ್ಲ. ಜಿಲ್ಲೆಯಲ್ಲಿ ವಿದೇಶಿಯರ ನೋಂದಣಿ ನೋಡುವವರು ಎಸ್‌ಪಿ. ಜೀಪು ಬರುವವರೆಗೆ ಕಾಯುವ ಬದಲು ಆ ಮನೆಯವರೇ ವಕೀಲರನ್ನು ಕರೆದುಕೊಂಡು, ಆಸ್ಪತ್ರೆಯ ಚೀಟಿಗಳ ಸಮೇತ ಮಡಿಕೇರಿಗೆ ಹೋಗಲಿ.