ರೋಲ್ ಮುಗಿಸಲಿಕ್ಕೆ ತೆಗೆದ ಫೋಟೋಗಳು

ನವನಗರದಲ್ಲಿ ನಮ್ಮ ಸೆಕ್ಟರ್‌ನ ಸಮುದಾಯ ಭವನದಲ್ಲಿ ಮೂರು ದಿನ ನಮ್ಮಪ್ಪ ತೆಗೆದ 36 ಫೋಟೋ ತೂಗುಹಾಕಿದ್ದೆ. ಎಲ್ಲಾ ಹಳೇ ಬಾಗಲಕೋಟೆಯವು. "ಬೆಂಗಳೂರಾಗ ಛಲೋ ಗ್ಯಾಲರಿ ಒಳಗ ಮಾಡಬೇಕಿತ್ತು, ಇಲ್ಲಿ ಯಾರ್ ನೋಡ್ತಾರ" ಅಂತ ಗೆಳೆಯರು ಇನ್ನೂ ಬೈತಿದ್ದಾರೆ. ಅದಕ್ಕೇ ಇಷ್ಟುದ್ದ ಬರೀತಿದ್ದೇನೆ.

ನಮ್ಮಪ್ಪನದು ವೆಂಕಟಪೇಟೆಯಲ್ಲಿ ಸಣ್ಣ ಸ್ಟುಡಿಯೋ. ಯಾಶಿಕಾ ಕ್ಯಾಮೆರಾ, ಒಂದು ರೋಲಿಗೆ 12 ಫೋಟೋ. ಮದುವೆ ಮುಗಿದಾಗ ಕೊನೇ ರೋಲಿನಲ್ಲಿ ಎರಡೋ ಮೂರೋ ಉಳಿದಿರುತ್ತಿದ್ದವು. ಗಿರಾಕಿಗೆ ಅವಸರ, ಅರ್ಧ ರೋಲ್ ತೊಳೆಯೋಕೆ ಇವನಿಗೆ ಮನಸ್ಸಿಲ್ಲ. ಮನೆಗೆ ಬರುವ ದಾರಿಯಲ್ಲಿ ಕಂಡದ್ದನ್ನು ಸುಮ್ನೆ ಹೊಡೆದು ರೋಲ್ ಮುಗಿಸಿಬಿಡುತ್ತಿದ್ದ. ಕಟ್ಟೆ ಮೇಲೆ ಕೂತವರು, ಹೋಳಿಯಲ್ಲಿ ಬಣ್ಣದ ಬ್ಯಾರಲ್ ಹೇರಿಕೊಂಡ ಚಕ್ಕಡಿ, ಕಿಲ್ಲಾದ ಒಂದು ಬಾಗಿಲು. ಯಾರೂ ದುಡ್ಡು ಕೊಡದ ಫೋಟೋಗಳು. ಅದಕ್ಕೇ ನಮ್ಮ ಟ್ರಂಕಿನಲ್ಲಿ ಉಳಿದವು.

ಆಮೇಲೆ ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು 519.6 ಮೀಟರ್‌ಗೆ ನಿಂತಿತು. ಘಟಪ್ರಭೆಯ ಹಿನ್ನೀರು ಓಣಿಗಳಿಗೆ ಬಂತು. ಜನ ಬಾಗಿಲು, ತೊಲೆ ಎಲ್ಲಾ ಕಿತ್ತುಕೊಂಡು, ಮುಳುಗಡೆಯವರಿಗೆ ಅಂತ ಕಟ್ಟಿದ ಈ ನವನಗರಕ್ಕೆ ಬಂದರು. ಫೋಟೋದಲ್ಲಿರುವ ಒಂದೆರಡು ಬಾಗಿಲು ಈಗಲೂ ನಮ್ಮ ಸೆಕ್ಟರ್‌ನ ಆರ್‌ಸಿಸಿ ಮನೆಗಳಿಗೆ ಕೂತಿವೆ.

ನೆಗೆಟಿವ್‌ಗಳಿಗೆ ಬೂಸ್ಟು ಹಿಡಿದಿತ್ತು. ಕೆಳಗೆ ಬಿಳಿ ಎಲ್‌ಇಡಿ ಪ್ಯಾಡ್ ಇಟ್ಟು, ಮ್ಯಾಕ್ರೋ ಲೆನ್ಸಿನಲ್ಲಿ ಒಂದೊಂದನ್ನೇ ತೆಗೆದೆ. 12 ಇಂಚು ಚೌಕದ ಪ್ರಿಂಟ್ ಹಾಕಿಸಿದೆ. ಮೊದಲ ಸಲ ಎಲ್ಲಾ ಕಪ್ಪಗೆ ಬಂದವು. ಸ್ಕ್ರೀನಿಗೆ ಹಿಂದಿನಿಂದ ಬೆಳಕಿರುತ್ತದೆ, ಕಾಗದಕ್ಕೆ ಇರಲ್ಲ. ಇಪ್ಪತ್ತು ವರ್ಷ ಮದುವೆ ಆಲ್ಬಮ್ ಮಾಡಿದವನಿಗೆ ಅಷ್ಟು ನೆನಪಿರಬೇಕಿತ್ತು. ಮೇಲೆ ಗ್ಲಾಸಿ ಪೇಪರ್ ಬೇರೆ. ಭವನದ ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ಮುಖ ಕಾಣಲ್ಲ, ಟ್ಯೂಬ್‌ಲೈಟೇ ಕಾಣುತ್ತದೆ. ಎಲ್ಲಾ ಮತ್ತೆ ಮ್ಯಾಟ್‌ನಲ್ಲಿ ಹಾಕಿಸಿದೆ. ಎಷ್ಟು ಖರ್ಚಾಯ್ತು ಅಂತ ಮನೆಯವಳಿಗೆ ಇನ್ನೂ ಹೇಳಿಲ್ಲ. ಗೋಡೆಯ ಡಿಸ್ಟೆಂಪರ್ ಟೇಪಿನ ಜೊತೆ ಎದ್ದು ಬರುತ್ತಿತ್ತು, ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸಿದೆ.

ಕೆಳಗೆ ಹೆಸರು ಬರೆದಿದ್ದೆ. "ನೀರಡಿಯ ಮೌನ", "ಕಾಲದ ಬಾಗಿಲು" ಥರದ್ದು. ಈಗ ಓದಿದರೆ ನಾಚಿಕೆಯಾಗುತ್ತದೆ. ಮೊದಲ ದಿನವೇ ಒಬ್ಬ ಆಯಿ ಬಂದರು. ಚಷ್ಮಾ ಏರಿಸಿ ಓದಿ, "ತಮ್ಮಾ, ಏನ್ ಮೌನ? ಇದು ನಮ್ಮ ನಳದ ಓಣಿ. ದಿನಾ ಬೆಳಿಗ್ಗೆ ಕೊಡಕ್ಕ ಕೊಡ ಹತ್ತಿ ಜಗಳಾ ಆಗ್ತಿತ್ತು" ಅಂದರು. ಪಕ್ಕದಲ್ಲಿದ್ದವರೆಲ್ಲ ನಕ್ಕರು. ಆ ರಾತ್ರಿ ಚೀಟಿಗಳನ್ನೆಲ್ಲ ಕಿತ್ತು ಖಾಲಿ ಹಾಳೆ ಅಂಟಿಸಿದೆ, ದಾರಕ್ಕೊಂದು ಪೆನ್ಸಿಲ್ ಕಟ್ಟಿದೆ. ಎರಡನೇ ದಿನ ಸಂಜೆಗೆ ಹಾಳೆಗಳು ತುಂಬಿದ್ದವು. ಯಾರ ಮನೆ, ಯಾರ ಅಂಗಡಿ, ಆ ಎಮ್ಮೆ ಯಾರದ್ದು. ಎಮ್ಮೆಯದ್ದು ನಿಜವಾಗಿಯೂ ಬರೆದಿದ್ದರು.

ಬೆಂಗಳೂರಿನಲ್ಲಿ ಇವನ್ನು ನೋಡಿ "ಕಾಂಪೋಜಿಷನ್ ಸೂಪರ್" ಅನ್ನುತ್ತಿದ್ದರೇನೋ. ಒಪ್ಪುತ್ತೇನೆ, ಕೆಲವು ಸೂಪರ್ ಇವೆ. ಆದರೆ ಎಮ್ಮೆ ಯಾರದ್ದು ಅಂತ ಅಲ್ಲಿ ಯಾರು ಹೇಳುತ್ತಿದ್ದರು? ಇದು ಗೊತ್ತಿರುವವರಿಗೆ ಈಗ ಎಪ್ಪತ್ತು, ಎಂಬತ್ತು ವಯಸ್ಸು. ಮೊಣಕಾಲು ನೋವು. ಅವರು ನಡೆದು ಬರುವಷ್ಟು ಹತ್ತಿರ ಫೋಟೋ ಇರಬೇಕು. ಬೆಂಗಳೂರು ಆಮೇಲೆ ನೋಡೋಣ.

ಇನ್ನೊಂದು ಮಾತು, ಇಲ್ಲಿನ ಹುಡುಗರಿಗೆ. ಅಣೆಕಟ್ಟು 524.256 ಮೀಟರ್‌ಗೆ ಏರಿಸಬಹುದು ಅಂತ ಕೃಷ್ಣಾ ಜಲವಿವಾದ ನ್ಯಾಯಾಧಿಕರಣ 2010ರಲ್ಲೇ ಹೇಳಿದೆ. ಏರಿದರೆ ಇನ್ನೂ ಎಷ್ಟೋ ಹಳ್ಳಿ ಮುಳುಗಡೆ. ನೀವು ಹಿನ್ನೀರಿಗೆ ಹೋಗಿ ಸೂರ್ಯಾಸ್ತ ತೆಗೀತೀರಿ, ತೆಗೀರಿ. ಬರುವಾಗ ಆ ಊರಿನ ನಾಲ್ಕು ಓಣಿ ತೆಗೆಯಿರಿ, ಫೋನಿನಲ್ಲೇ ಸಾಕು. ಯಾರ ಮನೆ ಅಂತ ಕೇಳಿ ಅವತ್ತೇ ಬರೆದಿಡಿ. ನಮ್ಮಪ್ಪ ಬರೆದಿಡಲಿಲ್ಲ. ಆ ಸಿಟ್ಟು ನನಗಿದೆ.

17ನೇ ಫೋಟೋದಲ್ಲಿ ಬರೀ ಒಂದು ಕಲ್ಲಿನ ಕಟ್ಟೆ, ಮೇಲೆ ಮಲಗಿದ ನಾಯಿ. ಅದರ ಹಾಳೆಯಲ್ಲಿ ಎರಡು ಮನೆತನದ ಹೆಸರಿತ್ತು. ಇಬ್ಬರು ಕಾಕಾಗಳು ಮೂರೂ ದಿನ ಬಂದು ವಾದ ಮಾಡಿದರು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುತ್ತಿದ್ದರು. ಕೊನೇ ದಿನ ಸಂಜೆ ಆರಕ್ಕೆ ಭವನ ಬಿಡಬೇಕಿತ್ತು, ಮರುದಿನ ಯಾರದ್ದೋ ಮಗುವಿನ ತೊಟ್ಟಿಲು ಕಾರ್ಯ. ಇಬ್ಬರೂ ನಿಂತು ಕ್ಲಿಪ್ ಬಿಚ್ಚಿ ಕೊಟ್ಟರು. ಬಿಚ್ಚುತ್ತಲೇ, "ನಮ್ಮ ಕಟ್ಟಿಗೆ ಮೂರು ಮೆಟ್ಲ ಇದ್ವು." "ಮೂರಲ್ಲೋ ಮಾರಾಯಾ, ನಾಕು." ಫೋಟೋದಲ್ಲಿ ಮೆಟ್ಟಿಲು ನಾಯಿಯ ಹಿಂದಿದೆ, ಕಾಣಲ್ಲ.